ನಯಾಗರಾಕ್ಕೆ ಪರಸ್ಥಾನ

ಎಲ್ಲ ಅನರ್ಥಕ್ಕೂ ಮೂಲ ಕೃಷ್ಣಸ್ವಾಮಿಯ ಸ್ಲೈಡ್ ಪ್ರೊಜೆಕ್ಟರ್.

ಎಪ್ಪತ್ತರ ದಶಕದ ನಡುಗಾಲ. ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಕನ್ನಡದವರ ಮನೆಗಳು ಹುಡುಕಿದರೆ ಏಳೆಂಟು ಸಿಗುತ್ತಿದ್ದವು. ಅಷ್ಟರಲ್ಲಿ ಯಾರು ಎಲ್ಲಿಗೆ ಪ್ರವಾಸ ಹೋಗಿಬಂದರೂ ಮಿಕ್ಕವರೆಲ್ಲ ಅವರ ಮನೆಯ ಕತ್ತಲೆ ಕೋಣೆಯಲ್ಲಿ ಕುಳಿತು, ಗೋಡೆಗೆ ತೂಗುಹಾಕಿದ ಬೆಡ್‌ಶೀಟಿನ ಮೇಲೆ ಸ್ಲೈಡುಗಳನ್ನು ನೋಡಿ, ಉಪ್ಪಿಟ್ಟು ತಿಂದು, "ಬಹಳ ಚೆನ್ನಾಗಿದೆ" ಎಂದು ಹೇಳಿಬರುವುದು ಕಡ್ಡಾಯವಾಗಿತ್ತು. ಜುಲೈ ತಿಂಗಳ ಒಂದು ಭಾನುವಾರ ಕೃಷ್ಣಸ್ವಾಮಿ ತನ್ನ ತಾಯಿ ಕೌಸಲ್ಯಮ್ಮನವರನ್ನು ನಯಾಗರಾ ಜಲಪಾತಕ್ಕೆ ಕರೆದೊಯ್ದದ್ದನ್ನು ತೋರಿಸಿದ. ಮೊದಲು ಕೌಸಲ್ಯಮ್ಮ ತಲೆಕೆಳಗಾಗಿ ಬಂದರು. ಆಮೇಲೆ ನೆಟ್ಟಗಾದರು. ಸೀರೆಯ ಮೇಲೆ ಹಳದಿ ರೇನ್‌ಕೋಟು ತೊಟ್ಟು, ಜಲಪಾತವನ್ನು ತಾವೇ ತರಿಸಿದವರಂತೆ ಅದರ ಮುಂದೆ ನಿಂತಿದ್ದರು.

ಕತ್ತಲೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಅದು ಯಾರದೆಂದು ಕೇಶವಮೂರ್ತಿಗೆ ತಕ್ಷಣ ಗೊತ್ತಾಯಿತು. ಅವನ ಅತ್ತೆ ತ್ರಿಪುರಸುಂದರಮ್ಮನವರದು.

ತ್ರಿಪುರಸುಂದರಮ್ಮನವರೂ ಕೌಸಲ್ಯಮ್ಮನವರೂ ಮೈಸೂರಿನಲ್ಲಿ ಒಂದೇ ಬೀದಿಯವರು. ದಸರಾದಲ್ಲಿ ಯಾರ ಮನೆಯ ಗೊಂಬೆ ಹೆಚ್ಚು ಎಂಬ ಮೂವತ್ತು ವರ್ಷದ ಪೈಪೋಟಿ ಇಬ್ಬರ ನಡುವೆ ಇತ್ತು. ಕಾರಿನಲ್ಲಿ ಮನೆಗೆ ಬರುವಾಗ ತ್ರಿಪುರಸುಂದರಮ್ಮ ಹಿಂದಿನ ಸೀಟಿನಿಂದ ತೀರ್ಪು ಕೊಟ್ಟರು.

"ಅನಸೂಯಾ, ನಿಮ್ಮ ಯಜಮಾನರಿಗೆ ಹೇಳು. ನಯಾಗರಾ ನೋಡದೆ ನಾನು ವಿಮಾನ ಹತ್ತೋಳಲ್ಲ. ಆ ಕೌಸಲ್ಯ ನೋಡಿದ್ದನ್ನ ನಾನು ನೋಡದೆ ಹೋದ್ರೆ ಬೀದೀಲಿ ತಲೆ ಎತ್ಕೊಂಡು ಓಡಾಡೋ ಹಾಗಿದೆಯೇ?"

ಯಜಮಾನರು ಅವರಿಂದ ಎರಡಡಿ ದೂರದಲ್ಲಿ ಸ್ಟೀರಿಂಗ್ ಹಿಡಿದಿದ್ದರು. ಅಳಿಯನ ಜೊತೆ ನೇರವಾಗಿ ಮಾತಾಡುವುದು ಮರ್ಯಾದೆಯಲ್ಲವೆಂದು ಅತ್ತೆಯವರ ನಂಬಿಕೆ. ಬೈಗುಳವೂ ಅನಸೂಯಳ ಮೂಲಕವೇ ಬರುತ್ತಿತ್ತು.

ಕೇಶವಮೂರ್ತಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅತ್ತೆಯವರು ಬಂದು ಆರು ತಿಂಗಳಾಗಿತ್ತು. ಆರು ತಿಂಗಳಿಂದ ಮನೆಯಲ್ಲಿ ಈರುಳ್ಳಿ ಇಲ್ಲ. ಸ್ನಾನವಾಗದೆ ಕಾಫಿ ಇಲ್ಲ. ಮಡಿಯ ಅಡಿಗೆಮನೆಗೆ ಪ್ರವೇಶವಿಲ್ಲದ್ದರಿಂದ ತನ್ನದೇ ಫ್ರಿಜ್ಜಿನ ಒಳಗೆ ಏನಿದೆ ಎಂದು ಅವನು ಮಗಳು ರೇಣುವನ್ನು ಕೇಳಿ ತಿಳಿದುಕೊಳ್ಳುತ್ತಿದ್ದ. ಆಗಸ್ಟಿನ ಒಂದು ಶುಕ್ರವಾರಕ್ಕೆ ಅವರ ಟಿಕೆಟ್ ಇತ್ತು. ಅದರ ಮಾರನೆಯ ಬೆಳಿಗ್ಗೆ ಸ್ನಾನ ಮಾಡದೆ, ಪೈಜಾಮದಲ್ಲೇ ಕುಳಿತು, ತಟ್ಟೆ ತುಂಬ ಈರುಳ್ಳಿ ಬಜ್ಜಿ ತಿನ್ನುವುದೆಂದು ಅವನು ಯಾರಿಗೂ ಹೇಳದೆ ಸಂಕಲ್ಪ ಮಾಡಿಕೊಂಡಿದ್ದ. ಈಗ ಬಜ್ಜಿಗೂ ಅವನಿಗೂ ನಡುವೆ ನಯಾಗರಾ ಬಂದು ನಿಂತಿತು.

ಕರೆದೊಯ್ಯುವುದು ಕಷ್ಟವಲ್ಲ, ಉಣ್ಣಿಸುವುದು ಕಷ್ಟ. ಅತ್ತೆಯವರು ಮಡಿಯಲ್ಲಿ ತಾವೇ ಮಾಡಿದ್ದನ್ನಲ್ಲದೆ ಬೇರೆ ಏನನ್ನೂ ಮುಟ್ಟುವವರಲ್ಲ. ಏಪ್ರಿಲ್‌ನಲ್ಲಿ ವಾಷಿಂಗ್ಟನ್ ತೋರಿಸಲು ಹೋಗಿ, ಅವರು ಉಪವಾಸದಿಂದ ತಲೆಸುತ್ತಿ ಕೂತು, ಅರ್ಧ ದಾರಿಯಿಂದ ವಾಪಸ್ಸು ಬಂದದ್ದಾಗಿತ್ತು. ಅಡಿಗೆಮನೆಯನ್ನೇ ಜೊತೆಗೆ ಒಯ್ಯುವುದಾದರೆ ಮಾತು ಬೇರೆ.

ಅಡಿಗೆಮನೆ ಪಕ್ಕದ ಮನೆಯಲ್ಲೇ ಸಿಕ್ಕಿತು. ನೆರೆಯ ಟೋನಿಯ ಅಂಗಳದಲ್ಲಿ ಒಂದು ಟ್ರೇಲರ್ ನಿಂತಿತ್ತು. ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದೊಯ್ಯುವ ಪುಟ್ಟ ಮನೆ. ಒಳಗೆ ಗ್ಯಾಸ್ ಒಲೆ, ಸಿಂಕು, ಮಂಚ. ಕೇಶವಮೂರ್ತಿ ಬಾಡಿಗೆಗೆ ಕೇಳಿದರೆ ಟೋನಿ ಮಾರಿಯೇಬಿಟ್ಟ. ಎಷ್ಟು ಆತುರವೆಂದರೆ, ಆ ಸಂಜೆಯೇ ತಾನೇ ತಳ್ಳಿಕೊಂಡು ಬಂದು ಇವನ ಡ್ರೈವ್‌ವೇಯಲ್ಲಿ ನಿಲ್ಲಿಸಿಹೋದ.

ಒಳಗೆ ಲೇಸಿನ ಪರದೆಗಳಿದ್ದವು. ಕುರ್ಚಿಯ ಮೆತ್ತೆಯಲ್ಲಿ ಯಾರೋ ಬಹುಕಾಲ ಕೂತು ಬಿದ್ದ ಗುಳಿಯಿತ್ತು. ಗೋಡೆಯ ಮೇಲೆ ಮಗುವನ್ನೆತ್ತಿಕೊಂಡ ಮೇರಿಯಮ್ಮನ ಪಟ. ಕಿಟಕಿಯ ಪಕ್ಕ ಒಂದು ಹಿತ್ತಾಳೆಯ ಗಂಟೆ. ಕ್ಯಾಂಪಿಂಗಿಗೆ ಗಂಟೆ ಏಕೆ ಎಂದು ಕೇಳಿದರೆ ಟೋನಿ ಬೇರೆ ಕಡೆ ನೋಡುತ್ತ, "ಹಳೇ ಸಾಮಾನು" ಎಂದ.

ತ್ರಿಪುರಸುಂದರಮ್ಮ ಎರಡು ದಿನ ಅರಿಶಿನದ ನೀರಿನಲ್ಲಿ ಟ್ರೇಲರನ್ನು ತೊಳೆಸಿದರು. ಪಟವನ್ನು ತೆಗೆಯಲೇ ಎಂದು ಅನಸೂಯ ಕೇಳಿದಾಗ, "ಯಾಕೆ? ಮಗು ಎತ್ಕೊಂಡಿದಾಳೆ, ಯಶೋದೆ ಥರಾನೇ ಇದಾಳೆ, ಇರ್ಲಿ" ಎಂದರು. ಗಂಟೆಯನ್ನು ಪೂಜೆಗೆ ತೆಗೆದುಕೊಂಡರು.

ಹೊರಡುವ ಶನಿವಾರ ಬಂತು. ಮುಂದಿನ ಶುಕ್ರವಾರ ವಿಮಾನ. ಬೆಳಗಿನ ಜಾವವೇ ಹೊರಡಬೇಕೆಂದಿದ್ದವರು ಎಂಟು ಗಂಟೆ ಹೊಡೆದರೂ ಮಡಿ ನೀರು ತುಂಬಿಸುವುದರಲ್ಲೇ ಇದ್ದರು. ಆ ಹೊತ್ತಿಗೆ ಬೀಳ್ಕೊಡಲು ಕೃಷ್ಣಸ್ವಾಮಿ ಕ್ಯಾಮೆರಾ ಸಮೇತ ಬಂದ. ಬಂದವನು ಸುಮ್ಮನೆ ನಿಲ್ಲಬಾರದೆ?

"ಅಲ್ಲ ಮೂರ್ತಿ, ಪಂಚಾಂಗ ನೋಡಿದೆಯಾ? ಇವತ್ತು ಅಷ್ಟಮಿ, ನಾಳೆ ನವಮಿ. ನಯಾಗರಾ ಅಂದ್ರೆ ಸಾಮಾನ್ಯವೇ? ನೀರಿನ ವಿಷಯ!"

ಟ್ರೇಲರಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ತ್ರಿಪುರಸುಂದರಮ್ಮ ಆ ಕಾಲನ್ನು ಹಿಂದಕ್ಕೆ ತೆಗೆದರು.

"ಯಾವಾಗ ಹುಟ್ಟುತ್ತಪ್ಪ ಅಷ್ಟಮಿ?"

"ಮೈಸೂರಲ್ಲಿ ಸಂಜೆ ಆರೂವರೆಗೆ. ಅಂದ್ರೆ ಇಲ್ಲಿ ಎಂಟು ಗಂಟೆಗೆ." ಕೃಷ್ಣಸ್ವಾಮಿ ವಾಚು ನೋಡಿಕೊಂಡ. "ಆಗಲೇ ಹುಟ್ಟಿಬಿಡ್ತು."

"ಹಾಗಾದ್ರೆ ಪ್ರಯಾಣ ಆಯ್ತು ಬಿಡು. ಅನಸೂಯಾ, ನೀರು ಇಳಿಸು."

ಕೇಶವಮೂರ್ತಿಯ ಕಣ್ಣ ಮುಂದೆ ಬಜ್ಜಿ ತೇಲಿಹೋಯಿತು. ಪಂಚಾಂಗವೆಂದರೆ ಮೂಗು ಮುರಿಯುತ್ತಿದ್ದವನು ಆ ಕ್ಷಣ ಪುರೋಹಿತರಿಗಿಂತ ಜೋರಾಗಿ ಕೂಗಿದ.

"ಇಲ್ಲ! ಡೇಲೈಟ್ ಸೇವಿಂಗ್! ಬೇಸಿಗೇಲಿ ಇಲ್ಲಿ ಸರ್ಕಾರ ಗಡಿಯಾರಾನ ಒಂದು ಗಂಟೆ ಮುಂದಕ್ಕಿಟ್ಟಿದೆ. ಎಂಟು ಅಲ್ಲ, ಒಂಬತ್ತಕ್ಕೆ ಹುಟ್ಟೋದು!"

ಕೃಷ್ಣಸ್ವಾಮಿ ಬೆರಳು ಮಡಿಚಿ ಲೆಕ್ಕ ಹಾಕಿ, ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ. ಆದರೆ ಒಂಬತ್ತರೊಳಗೆ ಹೊರಡುವುದೂ ಸಾಧ್ಯವಿರಲಿಲ್ಲ. ಟ್ರೇಲರಿನ ದೀಪದ ವೈರು ಹಾಕಿಲ್ಲ, ಅಕ್ಕಿಬೇಳೆ ಕಟ್ಟಿಲ್ಲ, ರೇಣು ಹಾಸಿಗೆಯಿಂದಲೇ ಎದ್ದಿಲ್ಲ. ಆಗ ಕೇಶವಮೂರ್ತಿಗೆ ತನ್ನ ತಾತನ ಕಾಲದ್ದೊಂದು ಉಪಾಯ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು.

"ಅತ್ತೆ, ಪರಸ್ಥಾನ ಇಟ್ಟುಬಿಟ್ರೆ?"

ಹೊರಡುವ ದಿನ ಕೆಟ್ಟದ್ದಾದರೆ, ಹೊತ್ತು ಚೆನ್ನಾಗಿರುವಾಗಲೇ ಗಂಟುಮೂಟೆಯನ್ನು ಮನೆಯಿಂದ ಸಾಗಿಸಿ ಬೇರೊಬ್ಬರ ಮನೆಯಲ್ಲಿಡುವುದು ಪರಸ್ಥಾನ. ಗಂಟು ಹೊರಬಿತ್ತೆಂದರೆ ಪ್ರಯಾಣ ಶುರುವಾದಂತೆಯೇ. ಆಮೇಲೆ ಅಲ್ಲಿಂದ ಯಾವಾಗ ಹೊರಟರೂ ದೋಷವಿಲ್ಲ.

ತ್ರಿಪುರಸುಂದರಮ್ಮ ಆರು ತಿಂಗಳಲ್ಲಿ ಮೊದಲ ಬಾರಿಗೆ ಅಳಿಯನನ್ನು ಮೆಚ್ಚುಗೆಯಿಂದ ನೋಡಿದರು. ಮೆಚ್ಚುಗೆಯ ಭರದಲ್ಲಿ ನೇರವಾಗಿಯೇ ಮಾತಾಡಿದರು.

"ಪರವಾಗಿಲ್ಲವೇ, ಅಳಿಯಂದ್ರಿಗೆ ಶಾಸ್ತ್ರ ಗೊತ್ತಿದೆ! ಆದ್ರೆ ಪರಸ್ಥಾನ ಅಂದ್ರೆ ಆಟ ಅಲ್ಲ. ಇಟ್ಟಮೇಲೆ ಹೋದ ಕೆಲಸ ಆಗೋವರೆಗೆ ಗಂಟೂ ಮನೆಗೆ ಬರಕೂಡದು, ಮನುಷ್ಯರೂ ಬರಕೂಡದು. ತಿಳೀತೆ?"

"ಯಾಕೆ ಬರುತ್ತೆ ಅತ್ತೆ? ಎಲ್ಲಾದ್ರೂ ಉಂಟೆ!" ಎಂದ ಕೇಶವಮೂರ್ತಿ.

ಮೂರು ಬೀದಿಯಾಚೆ ಧಾರವಾಡದ ಗದಿಗೆಪ್ಪನ ಮನೆ. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ, ಅಕ್ಕಿಬೇಳೆಯ ಡಬ್ಬಿಗಳನ್ನೂ ನಿದ್ದೆಗಣ್ಣಿನ ರೇಣುವನ್ನೂ ತುಂಬಿಕೊಂಡು, ಕೇಶವಮೂರ್ತಿಯ ಸ್ಟೇಷನ್ ವ್ಯಾಗನ್ ಟ್ರೇಲರನ್ನು ಎಳೆದುಕೊಂಡು ಹೊರಟಿತು. ಅವನು ಟ್ರೇಲರ್ ಎಳೆಯುತ್ತಿದ್ದದ್ದು ಅದೇ ಮೊದಲು. ಕನ್ನಡಿಯಲ್ಲಿ ನೋಡಿದರೆ ರಸ್ತೆ ಇಲ್ಲ, ಬರೀ ಟ್ರೇಲರ್. ಬ್ರೇಕು ಒತ್ತಿದರೆ ಹಿಂದಿನಿಂದ ಯಾರೋ ತಳ್ಳುತ್ತಿದ್ದಾರೆ. ತಿರುವಿನಲ್ಲಿ ಕಾರು ತಿರುಗಿದರೂ ಟ್ರೇಲರ್ ತನಗೆ ಬೇಕಾದಾಗ ತಿರುಗುತ್ತದೆ. ಹಾಗೂ ಹೀಗೂ ಗದಿಗೆಪ್ಪನ ಡ್ರೈವ್‌ವೇಗೆ ಮೂತಿ ತೂರಿಸಿ ನಿಲ್ಲಿಸುವಾಗ ಅವನ ಅಂಗಿ ಬೆವರಿನಿಂದ ತೊಯ್ದಿತ್ತು. ಅಷ್ಟಮಿಗೆ ಇನ್ನೂ ಎರಡು ನಿಮಿಷವಿತ್ತು.

"ಬರ್ರಿ ಬರ್ರಿ! ನಮ್ಮನಿ ಅಂದ್ರ ನಿಮ್ಮನಿ ಇದ್ದಂಗ. ನಾಷ್ಟಾ ಮಾಡ್ರಿ ಮೊದಲ!" ಎಂದು ಗದಿಗೆಪ್ಪ ಎರಡು ಕೈಯಲ್ಲೂ ಎಳೆದ.

ವೈರು ಹಾಕಿದ್ದಾಯಿತು. ಅತ್ತೆಯವರು ಅಲ್ಲಿಯೇ ಸ್ನಾನ ಮಾಡಿ, ಒದ್ದೆ ಸೀರೆಯುಟ್ಟು, ಟ್ರೇಲರ್ ಹೊಕ್ಕು, ಗ್ಯಾಸ್ ಹಚ್ಚಿ ದಾರಿಗೆಂದು ಅನ್ನ, ಸಾರು, ಹುಳಿ ಎಲ್ಲ ಮಾಡಿದರು. ಆಗಲೇ ಕೇಶವಮೂರ್ತಿಗೆ ಡ್ರೈವಿಂಗ್ ಲೈಸೆನ್ಸು ನೆನಪಾದದ್ದು. ಅದು ಮನೆಯಲ್ಲಿ, ನಿನ್ನೆಯ ಪ್ಯಾಂಟಿನಲ್ಲಿತ್ತು.

"ಓಡಿಹೋಗಿ ತಂದ್ಬಿಡ್ತೀನಿ."

"ಅನಸೂಯಾ!" ಟ್ರೇಲರಿನೊಳಗಿಂದ ಧ್ವನಿ ಬಂತು. "ಪರಸ್ಥಾನ ಇಟ್ಟಮೇಲೆ ಮನೆಗೆ ಕಾಲಿಡಕೂಡದು ಅಂತ ಅವರಿಗೆ ಹೇಳಿದ್ದೆ ತಾನೆ?"

"ಅಲ್ಲ, ಲೈಸೆನ್ಸ್ ಇಲ್ದೆ..."

"ರೀ, ಸುಮ್ಮನಿರಿ," ಎಂದು ಅನಸೂಯ ಪಿಸುಗುಟ್ಟಿದಳು. "ಇಷ್ಟು ವರ್ಷ ಇಲ್ಲಿದೀವಿ, ಯಾರಾದ್ರೂ ನಿಮ್ಮ ಲೈಸೆನ್ಸ್ ಕೇಳಿದಾರಾ? ಈಗ ಅಮ್ಮ ಗಾಡಿ ಇಳಿದ್ರೆ ಮತ್ತೆ ಹತ್ತಲ್ಲ."

ಅದೂ ನಿಜವೇ. ಉಪಾಯ ಬೇರೆ ತನ್ನದೇ. ಅವನು ಕಾರಿನ ಬೀಗದಕೈ ತೆಗೆದುಕೊಂಡ.

ಕಾರಿಗೆ ಬಂದು ಕುಳಿತುಕೊಳ್ಳಿ ಎಂದರೆ ಅತ್ತೆಯವರು ಅದನ್ನೂ ಒಪ್ಪಲಿಲ್ಲ. ಕಾರಿನ ಸೀಟು ಚರ್ಮದ್ದು, ಮಡಿಗೆ ಆಗದು. ಅದು ಚರ್ಮವಲ್ಲ, ಪ್ಲಾಸ್ಟಿಕ್ ಎಂದು ಕೇಶವಮೂರ್ತಿ ವಾದಿಸಿದ. "ಚರ್ಮದ ಹಾಗೆ ಕಾಣತ್ತಲ್ಲ, ಸಾಕು" ಎಂದು ಅವರು ಟ್ರೇಲರಿನಲ್ಲಿ ಮಣೆ ಹಾಕಿಕೊಂಡು, ಸಾರಿನ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತರು. ಬಾಗಿಲಿನ ಚಿಲಕ ಸಡಿಲವಾಗಿ ಮತ್ತೆ ಮತ್ತೆ ತೆರೆದುಕೊಳ್ಳುತ್ತಿತ್ತು. ದಾರಿಯಲ್ಲಿ ಅತ್ತೆಯವರು ಉದುರಿಬಿದ್ದರೆ ಅದಕ್ಕೂ ತಾನೇ ಹೊಣೆಯೆಂದು ಕೇಶವಮೂರ್ತಿ ಹೊರಗಿನಿಂದ ಬೀಗ ಹಾಕಿದ.

ಈಗ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕು. ಟ್ರೇಲರ್ ಹಿಂದಕ್ಕೆ ತೆಗೆಯುವಾಗ ಬಲಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಎಡಕ್ಕೆ ತಿರುಗಿಸಬೇಕು ಎಂದು ಟೋನಿ ಹೇಳಿಕೊಟ್ಟಿದ್ದ. ಕೇಳುವಾಗ ಸುಲಭವಾಗಿತ್ತು. ಆ ಹೊತ್ತಿಗೆ ಸುದ್ದಿ ಹಬ್ಬಿ ಪಿಸ್ಕಾಟವೇಯ ಕನ್ನಡಿಗರೆಲ್ಲ ಅಲ್ಲಿ ಸೇರಿದ್ದರು. ಎಲ್ಲರೂ ಓದಿದವರು, ಇಬ್ಬರು ಡಾಕ್ಟರೇಟುಗಳು. ಟ್ರೇಲರ್ ಯಾರೂ ಓಡಿಸಿದವರಲ್ಲ, ಸಲಹೆ ಕೊಡದವರೂ ಯಾರೂ ಇರಲಿಲ್ಲ.

"ಬರ್ಲಿ ಬರ್ಲಿ ಬರ್ಲಿ... ಎಡಕ್ಕೆ! ಎಡಕ್ಕೆ ಮೂರ್ತಿ!"

"ಎಡಕ್ಕಲ್ಲ ಕಣಯ್ಯ, ಬಲಕ್ಕೆ! ಫಿಸಿಕ್ಸ್ ಓದಿಲ್ವ?"

"ಹಿಂದ ಬರ್ರಿ, ಬರ್ರಿ, ಬರ್ರಿ... ನಿಂದರ್ರಿ! ನಿಂದರ್ರಿ ಅಂದ್ನಲ್ರೀ!"

ನಾಲ್ಕು ಸಲ ಹಿಂದೆ, ನಾಲ್ಕು ಸಲ ಮುಂದೆ. ಪ್ರತಿ ಸಲವೂ ಟ್ರೇಲರ್ ಮಡಿಸಿಕೊಂಡು ಕಾರಿನ ಪಕ್ಕಕ್ಕೇ ಬಂದು ಕಿಟಕಿಯಲ್ಲಿ ಇಣುಕುತ್ತಿತ್ತು. ಟ್ರೇಲರಿನ ಕಿಟಕಿಯಲ್ಲಿ ಅತ್ತೆಯವರು ಇಣುಕುತ್ತಿದ್ದರು. ಕಡೆಗೆ ಕೇಶವಮೂರ್ತಿಯ ತಾಳ್ಮೆ ಕಿತ್ತುಹೋಯಿತು. ಹಿಂದಕ್ಕೆ ಹೋಗದಿದ್ದರೆ ಬೇಡ, ಭೂಮಿ ದುಂಡಗಿದೆ ಎಂದು ಮುಂದಕ್ಕೇ ಬಿಟ್ಟ. ಗದಿಗೆಪ್ಪನ ಹುಲ್ಲುಹಾಸಿನ ಮೇಲೆ ಒಂದು ಪ್ರದಕ್ಷಿಣೆ ಹಾಕಿ, ಅವನು ಧಾರವಾಡದಿಂದ ಬೀಜ ತರಿಸಿ ಬೆಳೆಸಿದ್ದ ಬದನೆಕಾಯಿಯ ಸಾಲಿನ ಮೇಲೆ ಹಾದು ರಸ್ತೆಗಿಳಿದ.

"ಇರ್ಲಿ ಬಿಡ್ರಿ, ಹೋಗಿ ಬರ್ರಿ," ಎಂದು ಗದಿಗೆಪ್ಪ ಕೈ ಬೀಸಿದ. ಅವನ ಕಣ್ಣು ಮಾತ್ರ ಬದನೆಯ ಮೇಲಿತ್ತು. "ಎಲ್ಲಾ ಎಣ್ಣೆಗಾಯಿ ಆಗೂವಷ್ಟು ಬೆಳೆದಿದ್ವು ನೋಡ್ರಿ."

ಮಧ್ಯಾಹ್ನ ದಾಟಿ ಹೈವೇ ಸೇರಿದ ಮೇಲೆ ಕೇಶವಮೂರ್ತಿಗೆ ಉಸಿರು ಬಂತು. ಬಲಗಡೆಯ ಸಾಲಿನಲ್ಲಿ ಮೆಲ್ಲಗೆ ಹೋಗುತ್ತಿದ್ದ. ಟ್ರೇಲರ್ ವಿಧೇಯವಾಗಿ ಹಿಂದೆ ಬರುತ್ತಿತ್ತು. ಇನ್ನು ಬರೀ ಮುಂದಕ್ಕೆ ಹೋಗುವುದು ತಾನೆ ಎಂದು ಧೈರ್ಯ ತಂದುಕೊಂಡು, ಅನಸೂಯಳಿಗೆ, "ನೋಡಿದ್ಯಾ? ಎಲ್ಲಾ ಪ್ಲಾನಿಂಗ್" ಎಂದೂ ಹೇಳಿದ. ಬ್ರಿಡ್ಜ್‌ವಾಟರಿನ ಫಲಕ ಕಾಣುವಷ್ಟರಲ್ಲಿ ಹಿಂದೆ ಸೈರನ್ ಕೂಗಿತು.

ಪೊಲೀಸನು ಆರಡಿ ಎತ್ತರದವನು. ಕಿಟಕಿಯ ಬಳಿ ಬಂದವನ ಕೈ ಸೊಂಟದ ಮೇಲಿತ್ತು. ಸೊಂಟದಲ್ಲಿ ಪಿಸ್ತೂಲಿತ್ತು.

"ಟ್ರೇಲರಿನಲ್ಲಿ ಯಾರಿದ್ದಾರೆ?"

"ಮೈ ಮದರ್ ಇನ್ ಲಾ, ಸರ್."

"ಹಿಂದಿನ ಕಿಟಕಿಯಿಂದ ಆಕೆ ಎರಡು ಮೈಲಿಯಿಂದ ನನ್ನ ಕಡೆ ಕೈ ಬೀಸುತ್ತಿದ್ದಾರೆ. ಸಹಾಯಕ್ಕೆ ಕರೆಯುತ್ತಿದ್ದಾರೆ."

ಅತ್ತೆಯವರು ಕರೆಯುತ್ತಿರಲಿಲ್ಲ. ಪೊಲೀಸಿನ ಕಾರು ಟ್ರೇಲರಿಗೆ ತೀರ ಹತ್ತಿರ ಬಂದದ್ದನ್ನು ಕಂಡು, ಮಡಿಯಲ್ಲಿರುವವರು ಹತ್ತಿರ ಬಂದವರಿಗೆಲ್ಲ ಮಾಡುವಂತೆ, "ದೂರ, ದೂರ" ಎಂದು ಕೈ ಆಡಿಸುತ್ತಿದ್ದರು. ಅವನು ಹತ್ತಿರ ಬಂದಷ್ಟೂ ಅವರು ಜೋರಾಗಿ ಆಡಿಸಿದರು. ಅವರು ಜೋರಾಗಿ ಆಡಿಸಿದಷ್ಟೂ ಅವನು ಹತ್ತಿರ ಬಂದ. ಇದನ್ನು ಪೊಲೀಸಿಗೆ ಇಂಗ್ಲಿಷಿನಲ್ಲಿ ವಿವರಿಸಲು ಕೇಶವಮೂರ್ತಿಗೆ ನಾಲಗೆ ಹೊರಳಲಿಲ್ಲ.

ಪೊಲೀಸು ಟ್ರೇಲರಿನ ಬಾಗಿಲಿಗೆ ಹೋದ. ಹೊರಗಿನಿಂದ ಬೀಗ ಹಾಕಿತ್ತು. ಅವನ ಮುಖ ಗಟ್ಟಿಯಾಯಿತು.

"ಆಕೆಯನ್ನು ಕೂಡಿಹಾಕಿದವರು ಯಾರು?"

"ನಾನೇ, ಸರ್. ಬೀಳಬಾರದು ಅಂತ, ಸರ್."

ಬೀಗ ತೆಗೆದದ್ದೇ ತಡ, ದಾರಿಯುದ್ದಕ್ಕೂ ತುಳುಕಿ ನೆಲದಲ್ಲಿ ನಿಂತಿದ್ದ ಸಾರೆಲ್ಲ ಹೊಸ್ತಿಲು ದಾಟಿ ಪೊಲೀಸಿನ ಹೊಳೆಯುವ ಬೂಟುಗಳ ಮೇಲೆ ಹರಿಯಿತು. ಒಳಗೆ ಮಣೆಯ ಮೇಲೆ, ಒದ್ದೆ ಸೀರೆಯಲ್ಲಿ, ಹಿತ್ತಾಳೆ ಗಂಟೆಯನ್ನು ಕೈಯಲ್ಲಿ ಹಿಡಿದು ತ್ರಿಪುರಸುಂದರಮ್ಮ ಕುಳಿತಿದ್ದರು. ಉರುಳಿ ಬೀಳುತ್ತಿದ್ದಾರೇನೋ ಎಂದು ಪೊಲೀಸು ಕೈ ಚಾಚಿದ. ಅವರು ಕಿಟಾರನೆ ಕಿರುಚಿದರು.

ಆಗ ರೇಣು ಕಾರಿನಿಂದ ಇಳಿದುಬಂದಳು. ಒಂಬತ್ತು ವರ್ಷದ ಆ ಹುಡುಗಿಗೆ ಇಬ್ಬರ ಭಾಷೆಯೂ ಗೊತ್ತಿತ್ತು, ಹೆದರಿಕೆ ಮಾತ್ರ ಗೊತ್ತಿರಲಿಲ್ಲ.

"ಡೋಂಟ್ ಟಚ್ ಹರ್, ಆಫೀಸರ್. ಇಫ್ ಯೂ ಟಚ್ ಹರ್, ಶೀ ಹ್ಯಾಸ್ ಟು ಟೇಕ್ ಅ ಬಾತ್ ಅಗೇನ್. ರೈಟ್ ಹಿಯರ್."

ಪೊಲೀಸು ಹೈವೇಯ ಆ ತುದಿ ನೋಡಿದ, ಈ ತುದಿ ನೋಡಿದ. ಶನಿವಾರದ ಟ್ರಾಫಿಕ್ಕು ಸಾಲುಗಟ್ಟಿ ಹೋಗುತ್ತಿತ್ತು. ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದು ಜೇಬಿನಲ್ಲಿಟ್ಟುಕೊಂಡ.

ಓಡುವ ಟ್ರೇಲರಿನಲ್ಲಿ ಜನ ಕೂರುವುದು ಕಾನೂನಿಗೆ ವಿರುದ್ಧ ಎಂದು ವಿವರಿಸಿ, ಅಜ್ಜಿ ಕಾರಿಗೆ ಬಂದರೆ ಮುಂದೆ ಹೋಗಬಹುದು ಎಂದ. ರೇಣು ಅನುವಾದ ಮಾಡಿದಳು. ಅಜ್ಜಿ ಚರ್ಮದ ಸೀಟಿನ ವಿಷಯ ತಿಳಿಸಿದರು. ರೇಣು ಅದನ್ನೂ ಅನುವಾದ ಮಾಡಿದಳು. ಪೊಲೀಸು ಹಣೆ ಒರೆಸಿಕೊಂಡು ಕೇಶವಮೂರ್ತಿಯ ಕಡೆ ತಿರುಗಿದ.

"ನಿಮ್ಮ ಲೈಸೆನ್ಸ್?"

ಕೇಶವಮೂರ್ತಿ ಅನಸೂಯಳ ಕಡೆ ನೋಡಿದ. ಅನಸೂಯ ಬ್ರಿಡ್ಜ್‌ವಾಟರಿನ ಫಲಕವನ್ನು ಮೊದಲ ಬಾರಿ ನೋಡುವವಳಂತೆ ನೋಡುತ್ತಿದ್ದಳು.

"ಮನೆಯಲ್ಲಿದೆ, ಸರ್."

"ತರದೆ ಏಕೆ ಹೊರಟಿರಿ?"

ಈ ಪ್ರಶ್ನೆಗೆ ನಿಜವಾದ ಉತ್ತರ ಅಷ್ಟಮಿಯಿಂದ ಶುರುವಾಗಬೇಕಿತ್ತು. ಪೊಲೀಸು ತನ್ನ ಕಾರಿಗೆ ಹೋಗಿ ರೇಡಿಯೋದಲ್ಲಿ ಮೇಲಿನವರೊಡನೆ ಬಹಳ ಹೊತ್ತು ಮಾತಾಡಿದ. ಬಂದು ಹೇಳಿದ್ದು ಇಷ್ಟೆ: ಅಜ್ಜಿಯನ್ನು ಯಾರೂ ಮುಟ್ಟುವುದು ಬೇಡ, ತಾನು ಮುಂದೆ ಹೋಗುತ್ತೇನೆ, ನೀವು ಮೆಲ್ಲಗೆ ಹಿಂದೆ ಬನ್ನಿ, ಸೀದಾ ಮನೆಗೆ, ಅಲ್ಲಿ ಲೈಸೆನ್ಸು ನೋಡಬೇಕು.

ಹೀಗೆ ಸಂಜೆಯ ಹೊತ್ತಿಗೆ ಮೆರವಣಿಗೆ ಪಿಸ್ಕಾಟವೇಗೆ ಮರಳಿತು. ಮುಂದೆ ಕೆಂಪು ದೀಪ ತಿರುಗಿಸುತ್ತ ಪೊಲೀಸು, ನಡುವೆ ಬೆವರುತ್ತ ಕೇಶವಮೂರ್ತಿ, ಹಿಂದೆ ಟ್ರೇಲರಿನ ಕಿಟಕಿಯಲ್ಲಿ ಜಂಬೂಸವಾರಿಯ ಮಹಾರಾಜರ ಹಾಗೆ ಅತ್ತೆಯವರು. ಜನ ಮನೆಯಿಂದ ಹೊರಬಂದು ನೋಡಿದರು. ಎಲ್ಲರಿಗೂ ಅವರು ಗಂಭೀರವಾಗಿ ಕೈ ಮುಗಿದರು. ಕೌಸಲ್ಯಮ್ಮನಿಗೆ ಅಮೆರಿಕದಲ್ಲಿ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ಕೃಷ್ಣಸ್ವಾಮಿ ಓಡಿಬಂದು ಒಂದು ರೋಲು ಪೂರ್ತಿ ಸ್ಲೈಡು ತೆಗೆದ.

ಕೇಶವಮೂರ್ತಿ ತನಗೆ ಗೊತ್ತಿದ್ದ ಒಂದೇ ವಿಧಾನದಲ್ಲಿ, ಅಂದರೆ ಮೂತಿ ಮುಂದಾಗಿ, ತನ್ನ ಡ್ರೈವ್‌ವೇಗೆ ನುಗ್ಗಿ ನಿಂತ. ಪೊಲೀಸು ಲೈಸೆನ್ಸು ನೋಡಿದ. ಒಳ್ಳೆಯವನು, ದಂಡ ಹಾಕಲಿಲ್ಲ. ಹೋಗುವಾಗ ರೇಣುವಿಗೆ, "ನಿಮ್ಮ ಅಜ್ಜಿಗೆ ಹೇಳು, ಓಡುವಾಗ ಮಾತ್ರ ಒಳಗಿರಬಾರದು. ನಿಂತಿದ್ದಾಗ ಎಷ್ಟು ದಿನ ಬೇಕಾದರೂ ಇರಲಿ" ಎಂದ. ರೇಣು ಚಾಚೂ ತಪ್ಪದೆ ಹೇಳಿದಳು.

ಕೇಶವಮೂರ್ತಿ ಇನ್ನೂ ಆಸೆ ಬಿಟ್ಟಿರಲಿಲ್ಲ. "ಅತ್ತೆ, ಮಂಗಳವಾರ ರಜ ಹಾಕ್ತೀನಿ. ಸೀಟಿನ ಮೇಲೆ ಮಣೆ ಹಾಕಿಸ್ತೀನಿ. ಒಂದೇ ದಿನದಲ್ಲಿ ಹೋಗಿ ಬಂದ್ಬಿಡೋಣ. ಶುಕ್ರವಾರ ಹೇಗಿದ್ರೂ ವಿಮಾನ..."

"ಯಾವ ವಿಮಾನ?" ಟ್ರೇಲರಿನ ಬಾಗಿಲಲ್ಲಿ ತ್ರಿಪುರಸುಂದರಮ್ಮ ಕಾಣಿಸಿಕೊಂಡರು. "ಅನಸೂಯಾ, ಅವರಿಗೆ ಅರ್ಥ ಆಗಿಲ್ಲ ಅಂತ ಕಾಣತ್ತೆ. ಪರಸ್ಥಾನ ಇಟ್ಟ ಗಂಟು ಹೋದ ಕೆಲಸ ಆಗದೆ ಮನೆಗೆ ಬಂತು. ಅದೂ ಅಷ್ಟಮಿ ದಿನ, ಪೊಲೀಸರ ಜೊತೆ. ಇನ್ನು ಉತ್ತರಾಯಣ ಹುಟ್ಟೋವರೆಗೆ ನಾನು ಈ ಹೊಸಲು ದಾಟಿ ದೂರಪ್ರಯಾಣ ಮಾಡೋ ಹಾಗಿಲ್ಲ. ವಿಮಾನವೂ ಪ್ರಯಾಣವೇ ತಾನೆ?"

"ಹೌದು, ಹೌದು. ಸಮುದ್ರ ಬೇರೆ ದಾಟಬೇಕು," ಎಂದ ಕೃಷ್ಣಸ್ವಾಮಿ, ಯಾರೂ ಕೇಳದೆ. "ವೀಸಾ ಎಕ್ಸ್‌ಟೆನ್ಷನ್ ಏನೂ ಕಷ್ಟ ಇಲ್ಲ ಮೂರ್ತಿ, ನಾನು ಮಾಡಿಸ್ತೀನಿ."

"ಉತ್ತರಾಯಣ ಅಂದ್ರೆ ಜನವರಿ!" ಕೇಶವಮೂರ್ತಿ ಕೂಗಿದ. "ಇದೆಲ್ಲ ಯಾವ ಶಾಸ್ತ್ರದಲ್ಲಿದೆ?"

"ಪರಸ್ಥಾನ ಯಾವುದರಲ್ಲಿದೆಯೋ ಅದರಲ್ಲೇ. ನೀವೇ ಹೇಳಿದ್ದಲ್ಲವೇ?"

ಅಷ್ಟರಲ್ಲಿ ಟ್ರೇಲರಿನೊಳಗಿಂದ ಹಾಲು ಸೀದ ವಾಸನೆ ಬಂತು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು.

"ಅತ್ತೆ, ಹಾಲು! ಹಾಲು ಉಕ್ತಾ ಇದೆ!"

"ಉಕ್ಕಲಿ ಅಂತಲೇ ಇಟ್ಟಿರೋದು." ಅವರು ಶಾಂತವಾಗಿ ಒಲೆಗೆ ಕೈ ಮುಗಿದರು. "ಹೊಸ ಮನೆಗೆ ಬಂದಾಗ ಹಾಲುಕ್ಕಿಸಬೇಡವೇ? ಬಾಗಿಲೂ ಪೂರ್ವಕ್ಕೇ ಬಂದಿದೆ. ಮಡಿಗೆ ಇಷ್ಟು ಅನುಕೂಲ ನಿಮ್ಮ ಮನೇಲಿ ಎಲ್ಲಿದೆ? ಇಲ್ಲಿ ಕೂತ್ರೆ ಅಡಿಗೆಮನೆ ಕಿಟಕೀನೂ ನೇರವಾಗಿ ಕಾಣತ್ತೆ. ಅನಸೂಯಾ, ಅವರಿಗೆ ಹೇಳು, ಇನ್ಮೇಲೆ ಈ ಗಾಡೀನ ಅಲುಗಿಸಬಾರದು. ನಿಂತಿದ್ರೆ ಎಷ್ಟು ದಿನ ಬೇಕಾದ್ರೂ ಇರಬಹುದು ಅಂತ ಆ ಪೊಲೀಸಪ್ಪನೇ ಹೇಳಿದಾನೆ."

ಆಗ ಕೇಶವಮೂರ್ತಿಗೆ ಇನ್ನೊಂದು ವಿಷಯ ಹೊಳೆಯಿತು. ಕಾರು ಮುಂದಿದೆ, ಟ್ರೇಲರ್ ಹಿಂದಿದೆ. ಕಾರಿನ ಮೂತಿಗೆ ಗ್ಯಾರೇಜು. ಟ್ರೇಲರ್ ಅಲುಗದೆ ಕಾರು ಹೊರಗೆ ಬರದು.

"ಸೋಮವಾರ ಆಫೀಸಿಗೆ ಹೆಂಗ ಹೋಗ್ತೀರಿ ಅಂತ ಚಿಂತೀ ಮಾಡಬ್ಯಾಡ್ರಿ," ಎಂದು ಗದಿಗೆಪ್ಪ ಹೆಗಲ ಮೇಲೆ ಕೈಯಿಟ್ಟ. "ನಾ ಕರ್ಕೊಂಡ್ ಹೋಗ್ತೀನಲ್ಲ. ದಾರ್ಯಾಗ ಬದನಿಕಾಯಿ ವಿಷಯ ಮಾತಾಡಿದ್ರಾತು."

ಎಲ್ಲರೂ ಹೊಸ ಮನೆಯ ಹಾಲು ಕುಡಿದು ಹೊರಟುಹೋದರು. ಕೇಶವಮೂರ್ತಿ ಬೇಲಿಯ ಬಳಿ ಒಬ್ಬನೇ ನಿಂತಿದ್ದ. ಬೇಲಿಯಾಚೆ ಟೋನಿ ತನ್ನ ತೋಟದಲ್ಲಿ ಈರುಳ್ಳಿ ಕೀಳುತ್ತಿದ್ದ. ನಡೆದದ್ದನ್ನೆಲ್ಲ ಅವನು ನೋಡಿದ್ದ. ಟ್ರೇಲರಿನ ಲೇಸಿನ ಪರದೆಯ ಹಿಂದೆ ದೀಪ ಹೊತ್ತಿಕೊಂಡದ್ದನ್ನು ಕಂಡು ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿದ.

"ನನ್ನ ಹೆಂಡತಿಯ ತಾಯಿ," ಎಂದ. "ಎರಡು ವಾರಕ್ಕೆ ಅಂತ ಬಂದಳು. ಅದರಲ್ಲಿ ನಾಲ್ಕು ವರ್ಷ ಇದ್ದಳು."

"ಆಮೇಲೆ? ಹೇಗೆ ಹೋದರು?" ಕೇಶವಮೂರ್ತಿ ಬೇಲಿಯನ್ನೇ ಹಿಡಿದುಕೊಂಡ.

"ತಂಗಿಯನ್ನು ನೋಡಲು ಎರಡು ದಿನ ಊರಿಗೆ ಹೋದಳು. ಆ ಸಂಜೆಯೇ ನಿನಗೆ ಮಾರಿದೆ." ಟೋನಿ ನಿಟ್ಟುಸಿರಿಟ್ಟ. "ನೀನೂ ಹಾಗೇ ಮಾಡು. ಆಕೆ ಎಲ್ಲಿಗಾದರೂ ಪ್ರಯಾಣ ಹೋಗುವವರೆಗೆ ಕಾದಿರು, ಅಷ್ಟೆ."

ಕೇಶವಮೂರ್ತಿಯ ಮುಖ ನೋಡಿ ಟೋನಿಗೆ ಕನಿಕರ ಹುಟ್ಟಿತು. ಆಗ ತಾನೇ ಕಿತ್ತ ನಾಲ್ಕು ದಪ್ಪ ಈರುಳ್ಳಿಗಳನ್ನು ಬೇಲಿಯ ಮೇಲಿನಿಂದ ಅವನ ಕೈಗಿಟ್ಟ.

ಟ್ರೇಲರಿನ ಕಿಟಕಿಯಲ್ಲಿ ಹಿತ್ತಾಳೆಯ ಗಂಟೆ ಢಣಢಣ ಬಾರಿಸಿತು. ಹಳೆಯ ಅಭ್ಯಾಸದಿಂದ ಟೋನಿ, "ಬಂದೆ!" ಎಂದು ಬೆಚ್ಚಿಬಿದ್ದು ಎರಡು ಹೆಜ್ಜೆ ಓಡಿಯೇಬಿಟ್ಟ.

"ಅನಸೂಯಾ," ಎಂದಿತು ಕಿಟಕಿ, "ಅವರ ಕೈಯಲ್ಲಿರೋದು ಏನು ಅಂತ ಕೇಳು."

ಕೇಶವಮೂರ್ತಿ ಈರುಳ್ಳಿಗಳನ್ನು ಒಂದೊಂದಾಗಿ ಬೇಲಿಯ ಆಚೆಗೆ ವಾಪಸ್ಸು ಹಾಕಿ, ಕೈ ತೊಳೆಯಲು ಹೋದ.